ಒಂದೇ ಸಾಲಿನ ಮನೆ

ನಮ್ಮೂರಿನ ಆಕಾಶವನ್ನು ಮಾಡಿದವನು ನಾನು. ಬೆಳಿಗ್ಗೆ ಬಾಯಲ್ಲಿ ಬೇವಿನಕಡ್ಡಿ ಇದ್ದಂತೆಯೇ, ಎಡಗೈಯ ಕಿರುಬೆರಳೊಂದರಿಂದ ಬರೆದು ಮೇಲಕ್ಕೆ ಏರಿಸಿದೆ. ಅದಕ್ಕೂ ಮುಂಚೆ ಅಲ್ಲಿ ಏನಿತ್ತು ಎಂದು ಕೇಳಬೇಡಿ. ಏನೂ ಇರಲಿಲ್ಲ, ಹಕ್ಕಿಗಳು ಪಾಪ ನಡೆದುಕೊಂಡೇ ಓಡಾಡುತ್ತಿದ್ದವು. ಸಂಜೆ ಹೊತ್ತು ಅದು ಕೆಂಪಗಾಗುತ್ತದಲ್ಲ, ನಾನು ತಾಂಬೂಲ ಹಾಕಿಕೊಂಡದ್ದನ್ನು ನೋಡಿ ಕಲಿತದ್ದು. ಅಂದಾನೆಪ್ಪ ಎಂಬ ನನ್ನ ಹೆಸರು ಕೇಳಿದರೆ ಹತ್ತೂರಿನ ಕಂಪ್ಯೂಟರುಗಳು ಎದ್ದು ನಿಂತು ತಾವಾಗಿಯೇ ಆನ್ ಆಗುತ್ತವೆ. ನಂಬದವರು ಈ ಜಗುಲಿಯಿಂದ ಎದ್ದು ಹೋಗಬಹುದು. ಊಟ ಬರುವ ತನಕ ಬೇರೆ ಕೆಲಸವಿಲ್ಲದವರು ಕೂತು ಕೇಳಿ.

ನಮ್ಮಲ್ಲಿ ಮನೆ ಕಟ್ಟುವುದಿಲ್ಲ, ಬರೆಯುತ್ತಾರೆ. ಬೇರೆ ಊರುಗಳಲ್ಲಿ ವೆಬ್‌ಪುಟ ಬರೆದರೆ ಅದು ಪರದೆಯ ಮೇಲೆ ಕಾಣಿಸುತ್ತದಂತೆ. ಅಷ್ಟಕ್ಕೇ ಆ ಜನ ಹಿಗ್ಗುತ್ತಾರಂತೆ. ನಮ್ಮಲ್ಲಿ ಬರೆದು ಸೇವ್ ಒತ್ತಿದರೆ ನೆಲದ ಮೇಲೆ ಗೋಡೆ ಏಳುತ್ತದೆ, ಬಾಗಿಲು ಕಿರ್ರೆನ್ನುತ್ತದೆ, ಹಲ್ಲಿ ಲೊಚಗುಟ್ಟುತ್ತದೆ. ತಪ್ಪು ಬರೆದರೆ ತಪ್ಪೇ ಎದ್ದು ನಿಲ್ಲುತ್ತದೆ. ಹುಲಿಗೆವ್ವಜ್ಜಿ ಪಡಸಾಲೆ ಬರೆದ ಕೋಡಿನಲ್ಲಿ ‘ಇಲ್ಲಿಗೆ ಮುಗಿಯಿತು’ ಎನ್ನುವ ಮುಚ್ಚುವ ಟ್ಯಾಗು ಮರೆತುಹೋಗಿ ಪಡಸಾಲೆ ಮುಗಿಯುವುದೇ ಇಲ್ಲ. ಈಗ ಬಸ್ಸು ಅದರೊಳಗೇ ಬಂದು ನಿಂತು ಹೋಗುತ್ತದೆ. ಅಜ್ಜಿಗೆ ಬೇಸರವಿಲ್ಲ. ಡ್ರೈವರು ಚಪ್ಪಲಿ ಹೊರಗೆ ಬಿಟ್ಟು ಗಾಡಿ ಓಡಿಸಬೇಕು ಎಂಬುದೊಂದೇ ಅವಳ ಷರತ್ತು. ಕೆಲವು ಮನೆಗಳು ಬಂದವರ ಅಳತೆ ನೋಡಿ ಮೈ ಬದಲಿಸುತ್ತವೆ: ಧಡೂತಿ ಆಸಾಮಿ ಬಂದರೆ ಕೋಣೆಗಳು ಪಕ್ಕಪಕ್ಕ ಸರಿದು ದಾರಿ ಬಿಡುತ್ತವೆ, ಸಣಕಲ ಬಂದರೆ ಒಂದರ ಮೇಲೊಂದು ಏರಿ ಕೂರುತ್ತವೆ. ಹಾಗಾಗಿ ಹೆಣ್ಣು ನೋಡಲು ಹೋಗುವಾಗ ವರನ ಜೊತೆ ದಪ್ಪಗಿನ ಸೋದರಮಾವನೊಬ್ಬನನ್ನು ಕರೆದೊಯ್ಯುವುದು ನಮ್ಮಲ್ಲಿ ವಾಡಿಕೆ. ಇಲ್ಲದಿದ್ದರೆ ಉಪ್ಪಿಟ್ಟಿಗಾಗಿ ಏಣಿ ಹತ್ತಬೇಕಾಗುತ್ತದೆ. ಪ್ರತಿ ಬಾಗಿಲೂ ಬಂದವರನ್ನು ‘ನಿಮ್ಮನ್ನು ನೆನಪಿಟ್ಟುಕೊಳ್ಳಲೇ?’ ಎಂದು ಕೇಳುತ್ತದೆ. ಬೀಗರ ಮನೆಯ ಬಾಗಿಲಿಗೆ ಮಾತ್ರ ಯಾರೂ ಹ್ಞೂಂ ಅನ್ನುವುದಿಲ್ಲ. ಮನೆ ರಿಫ್ರೆಶ್ ಆಗುವ ಹೊತ್ತಿಗೆ ಎಲ್ಲರೂ ಪಂಚೆ ಬಿಗಿಹಿಡಿದು ನಿಲ್ಲುತ್ತಾರೆ, ಅರ್ಧ ಕುಡಿದ ಚಹಾ ಲೋಟದಿಂದ ಎದ್ದು ಪಾತ್ರೆಗೆ ವಾಪಸ್ಸಾಗುತ್ತದೆ. ಇದೆಲ್ಲ ನಮಗೆ ಮಳೆ ಬಿಸಿಲಿನಷ್ಟೇ ರೂಢಿ.

ನಾನೀಗ ಹೇಳುವುದು ಕಾಶವ್ವನ ಕಥೆ. ಅವಳು ಕುಬೇರಪ್ಪನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳು ಬಡಿದ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ, ಒಂದು ಸಲ ನಾನು ಅದರ ಮೂಲಕ ಪಕ್ಕದೂರಿನ ಪಂಚಾಂಗ ಓದಿದ್ದೇನೆ. ಒಂದು ದಿನ ಉಣ್ಣಲು ಬಂದವರು ಯಾರೋ, “ಏನ್ ರೊಟ್ಟಿರೀ ಕಾಶವ್ವಂದು!” ಎಂದು ಗಟ್ಟಿಯಾಗಿ ಹೊಗಳಿಬಿಟ್ಟರು. ಕುಬೇರಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ರೊಟ್ಟಿ ಆಕೀದಲ್ಲ. ಗೋಡಿ ನಂದು. ಈ ಗೋಡಿಯೊಳಗ ಯಾರು ಏನು ಬಡಿದ್ರೂ ಅದು ನಂದು” ಎಂದ.

ಕಾಶವ್ವ ಹಿಟ್ಟಿನ ಕೈಯಲ್ಲೇ ಹೊರಗೆ ನಡೆದಳು. “ಹಂಗಾರ ನೀನ ಬಡಿ. ನಾ ನನ್ನ ಗೋಡಿ ಬರಕೋತೀನಿ.”

ಬರೆಯುವುದು ಅಷ್ಟು ಸಸಾರವೇ? ನಮ್ಮೂರ ಪದ್ಧತಿ ಹೀಗಿದೆ. ಖಾಲಿ ಜಾಗದ ವಿಳಾಸ ಬೇಕೆಂದರೆ ಯಾರು ಬೇಕಾದರೂ ಕೇಳಬಹುದು, ಕೊಡುತ್ತಾರೆ. ಆದರೆ ಮುಂದಿನ ತಟ್ಟುವ ದಿನದೊಳಗೆ ಅಲ್ಲೊಂದು ಮನೆ ನಿಂತಿರಬೇಕು. ಆ ದಿನ ಊರೆಲ್ಲ ಬಂದು ಹೊಸ ಮನೆಯನ್ನು ತಟ್ಟುತ್ತದೆ. ಮುದುಕರು ಗೋಡೆಗೆ ಒರಗಿ ನೋಡುತ್ತಾರೆ, ಹೆಂಗಸರು ಬಾಗಿಲು ಧಡಾರೆಂದು ಹಾಕಿ ತೆಗೆಯುತ್ತಾರೆ, ಒಬ್ಬರಾದರೂ ಮೂಗು ಮುರಿಯುತ್ತಾರೆ. ಕೊನೆಗೆ, ಆ ವಿಳಾಸಕ್ಕಾಗಿ ಸರದಿಯಲ್ಲಿ ಅವರ ನಂತರ ನಿಂತವನು ಮನೆಯೊಳಗಿನ ಯಾವುದಾದರೂ ಒಂದು ವಸ್ತು ತೋರಿಸಿ, “ತೆಗಿ, ಹೊಳ್ಳಿ ಹಾಕು” ಎನ್ನಬಹುದು. ಮನೆಯವರು ಅದನ್ನು ತೆಗೆದು, ದೀಪ ಹಚ್ಚುವುದರೊಳಗೆ ಮತ್ತೆ ಹಾಕಿ ತೋರಿಸಬೇಕು. ಹಾಕಿದರೆ ವಿಳಾಸ ಅವರದು. ಆಗದಿದ್ದರೆ ಕೇಳಿದವನದು.

ಕಾಶವ್ವ ಕೇಳಿದ್ದು ಸಂತೆಬೀದಿಯ ಮೂಲೆಯ ವಿಳಾಸ. ಸರದಿಯಲ್ಲಿ ಅವಳ ಹಿಂದೆ ಬಂದು ನಿಂತವನು ಕುಬೇರಪ್ಪ. ನಿಂತ ಎಂದರೆ ತಪ್ಪು. ಖಾಲಿ ಜಾಗದ ಎದುರಿಗೆ ಒಂದು ಕುರ್ಚಿ ಬರೆಸಿಕೊಂಡು ಕೂತ. ಬೀದಿಯಲ್ಲಿ ಹೋಗುವವರಿಗೆಲ್ಲ, “ಈ ಜಾಗಾ ನಂದಾದ ಮ್ಯಾಲ ಆಕಿನ್ನ ಹೊಳ್ಳಿ ಕರಕೊಂಡು ಇಲ್ಲೇ ಕೂಡಸ್ತೀನಿ. ಆಮ್ಯಾಲ ಆಕಿ ಎಲ್ಲಿ ಹೋಗ್ತಾಳ?” ಎನ್ನುತ್ತಿದ್ದ. ಊರಲ್ಲಿ ಬೇರೆ ಖಾಲಿ ಮೂಲೆ ಇರಲಿಲ್ಲ, ಬೇರೆ ಖಾನಾವಳಿಯೂ ಇರಲಿಲ್ಲ.

ಅವಳು ಮೊದಲು ಹೋದದ್ದು ರಾಚಯ್ಯ ಮಾಸ್ತರರ ಹತ್ತಿರ. ಮಾಸ್ತರರು ಊರಿಗೆಲ್ಲ ಬರವಣಿಗೆ ಕಲಿಸಿದವರು, ಒಳ್ಳೆಯವರು, ಆದರೆ ಅವರ ಶಾಲೆ ನಡೆಯುವ ವೇಗ ನೋಡಿ ಬಸವನಹುಳು ನಾಚುತ್ತಲೇ ಅದನ್ನು ಹಿಂದಿಕ್ಕಿ ಹೋಗಿದೆ. ಅವರ ಮಾತು ಒಂದೇ: ಕಲಿಯುವವರು ಮೊದಲು ಇಟ್ಟಿಗೆ ಬರೆಯಬೇಕು. ಬರಿಗೈಯಲ್ಲಿ. ಇಟ್ಟಿಗೆ ಬಂದ ಮೇಲೆ ಗಾರೆ, ಗಾರೆ ಬಂದ ಮೇಲೆ ಗೋಡೆ. ಗೋಡೆ ಬಂದ ಮೇಲೆ ಕೊನೆಯ ಪರೀಕ್ಷೆ, ಪಡಸಾಲೆಯ ನಟ್ಟನಡುವೆ ಒಂದು ಕಂಬ ನಿಲ್ಲಿಸುವುದು. ಈ ನಟ್ಟನಡುವೆ ನಿಲ್ಲಿಸುವ ವಿದ್ಯೆ ಇದೆಯಲ್ಲ, ಅದು ಭಾರಿ ಖದೀಮ ವಿದ್ಯೆ. ಎಡಕ್ಕೆ ಒತ್ತಿದರೆ ಕಂಬ ಅಡುಗೆಮನೆಗೆ ಓಡುತ್ತದೆ, ಬಲಕ್ಕೆ ಒತ್ತಿದರೆ ಬೀದಿಗಿಳಿದು ಎಮ್ಮೆಗಳ ಜೊತೆ ನಿಲ್ಲುತ್ತದೆ. ಕಂಬ ಕಲಿಯಲು ಹೋದ ಹುಡುಗರು ಗಡ್ಡ ಬಿಟ್ಟುಕೊಂಡು ಹೊರಬಂದದ್ದನ್ನು ನಾನೇ ಕಂಡಿದ್ದೇನೆ, ಕೆಲವರ ಗಡ್ಡಕ್ಕೆ ಮೊಮ್ಮಕ್ಕಳೂ ಆಗಿದ್ದವು.

ಕಾಶವ್ವ ಕಷ್ಟಪಟ್ಟಳು. ಅವಳ ಕೈಯಲ್ಲಿ ಒಂದು ಹೊಸ್ತಿಲು ಎದ್ದಿತು, ಒಂದು ಕಡೆ ಬಾಗಿಕೊಂಡು. ಒಂದು ಒಲೆ ಎದ್ದಿತು, ಅದು ಚೆನ್ನಾಗಿಯೇ ಇತ್ತು, ಏಕೆಂದರೆ ಒಲೆ ಹೇಗಿರಬೇಕೆಂದು ಅವಳ ಮೈಗೇ ಗೊತ್ತಿತ್ತು. ಆದರೆ ಗೋಡೆಯ ಹತ್ತಿರ ಬಂದು ನಿಂತುಬಿಟ್ಟಳು. ತಟ್ಟುವ ದಿನ ಮಾತ್ರ ನಿಲ್ಲಲಿಲ್ಲ, ಬರುತ್ತಲೇ ಇತ್ತು. ಖಾಲಿ ಜಾಗದಲ್ಲಿ ಒಂದು ಸೊಟ್ಟ ಹೊಸ್ತಿಲು, ಅದರಾಚೆ ಬಯಲಲ್ಲಿ ಒಂದು ಒಲೆ. ಎದುರಿಗೆ ಕುರ್ಚಿಯಲ್ಲಿ ಕುಬೇರಪ್ಪ. “ಬಾಗಿಲಾ ಹಾಕ್ಕೋಬೇ ಕಾಶವ್ವಾ, ಕಳ್ಳರು ಬಂದಾರು!” ಎಂದು ಕೂಗಿ ನಗುತ್ತಿದ್ದ.

ಆಗ ಅವಳು ಈ ಮಹಾಪುರುಷನ ಬಾಗಿಲಿಗೆ ಬಂದಳು.

ನನ್ನದು ಸರ್ವಸಿದ್ಧ ಮನೆ. ಸರ್ವಸಿದ್ಧ ಎಂದರೆ ಫ್ರೇಮ್‌ವರ್ಕು. ಮೊದಲೇ ಯಾರೋ ಬರೆದಿಟ್ಟ ಸಿದ್ಧ ಚೌಕಟ್ಟು. ಯಾರೋ ಎಂದೆನೇ? ನಾನು. ಲೋಕದ ಬಡವರಿಗೆಂದು ಒಂದು ಮಧ್ಯಾಹ್ನ ನಿದ್ದೆ ಬಾರದಿದ್ದಾಗ ನಾನೇ ಮಾಡಿಟ್ಟದ್ದು ಎಂದು ಅವಳಿಗೂ ಹೇಳಿದ್ದೆ. ಒಂದೇ ಒಂದು ಸಾಲು ಬರೆದರೆ ಸಾಕು. ಗೋಡೆ, ಸೂರು, ಮೆಟ್ಟಿಲು, ಕಿಟಕಿ, ಎಲ್ಲವೂ ಒಂದೇ ಉಸಿರಿಗೆ ಎದ್ದು ನಿಲ್ಲುತ್ತವೆ. ಪಡಸಾಲೆಯ ಕಂಬವೂ ನಡುವೆಯೇ ನಿಲ್ಲುತ್ತದೆ.

ಸುದ್ದಿ ತಿಳಿದು ಮಾಸ್ತರರು ನನ್ನ ಜಗುಲಿಗೇ ಬಂದರು. ಅವರಿಗೆ ಸಿಟ್ಟು ಬಂದರೆ ಕನ್ನಡಕ ತಾನಾಗಿಯೇ ಹಣೆಗೆ ಏರುತ್ತದೆ.

“ಅಲ್ಲೋ ಅಂದಾನಿ, ಈಗಷ್ಟ ಕಲಿಯಾಕ ಹತ್ತ್ಯಾಳ. ಆಕೀಗ ಅದನ್ನ ಕೊಡಬ್ಯಾಡ. ಒಂದು ಇಟ್ಟಂಗಿ ಬರ್ಯಾಕ ಬರದವರ ಕೈಯಾಗ ಇಡೀ ಅರಮನಿ ಕೊಟ್ರ ಏನು ಕಲೀತಾರ? ನಾಳೆ ನಲ್ಲಿ ಸೋರಿದ್ರ ಯಾರನ್ನ ಕೇಳ್ಬೇಕು?”

“ನನ್ನ ಕೇಳ್ತಾರ” ಎಂದೆ ನಾನು, ಎದೆ ತಟ್ಟಿಕೊಂಡು. “ಮಾಸ್ತರ, ನಿಮ್ಮ ಕಡೆ ಕಲ್ತವರು ಇಟ್ಟಂಗಿ ಭಾಳ ಚಂದ ಬರೀತಾರ್ರೀ. ಆದ್ರ ಮಳಿ ಬಂದಾಗ ಇಟ್ಟಂಗಿ ತಲಿ ಮ್ಯಾಲ ಇಟಗೊಂಡು ನಿಂದಿರ್ತಾರ.”

“ನೀರಿಗಿಳೀದ ಈಜು ಬರಂಗಿಲ್ಲೋ ಮಂಗ್ಯಾ.”

“ಮುಳುಗಿದವರಿಗೂ ಬರಂಗಿಲ್ರೀ.”

ನಮ್ಮ ಜಗಳ ಇನ್ನೂ ರಂಗೇರುತ್ತಿತ್ತು. ಅಷ್ಟರಲ್ಲಿ ಕಾಶವ್ವ ಇಬ್ಬರ ನಡುವೆ ಬಂದು ಕೂತಳು. “ಇಬ್ಬರೂ ಬಾಯಿ ಮುಚ್ಚರಿ ಸ್ವಲ್ಪ. ನಾ ಹುಡುಗ್ಯಾರಿಗೆ ರೊಟ್ಟಿ ಹ್ಯಾಂಗ ಕಲಿಸ್ತೀನಿ ಗೊತ್ತೇನು? ಮೊದಲ್ನೇ ದಿನಾ ಹಿಟ್ಟು ನಾದಾಕ ಕೊಡಂಗಿಲ್ಲ. ನಾ ನಾದಿದ ಉಂಡಿ ಕೊಡ್ತೀನಿ, ಬಡೀ ಅಂತೀನಿ. ಬಡೀತಾಳ, ಬೇಯ್ಸತಾಳ, ತಾನೇ ಮಾಡಿದ್ದು ತಾನೇ ತಿಂತಾಳ. ಬಾಯಿಗೆ ರುಚಿ ಹತ್ತಿತು ಅಂದ್ರ ನಾಳೆ ತಾನಾಗೇ ಕೇಳ್ತಾಳ, ಅವ್ವಾ, ಹಿಟ್ಟು ಹ್ಯಾಂಗ ನಾದ್ತಿ ಅಂತ. ಆಮ್ಯಾಲ ಬೀಸೂ ಕಲ್ಲಿನ ಮಾತು. ಮೊದಲ್ನೇ ದಿನಾನ ಬೀಸಾಕ ಕೂಡ್ಸಿದ್ರ ಯಾವಾಕಿ ಉಳೀತಾಳ?”

ಮಾಸ್ತರರ ಕನ್ನಡಕ ಹಣೆಯಿಂದ ಇಳಿದು ಮೂಗಿಗೆ ಬಂತು. “ನಾದೂದು ಕೇಳದ ಹೋದ್ರ?” ಎಂದರು, ಮೆತ್ತಗೆ.

“ಕೇಳದವರು ನಾಳೆ ಉಂಡಿ ಸಿಗದಿದ್ರ ಉಪಾಸ ಇರ್ತಾರ” ಎಂದು ಅವಳು ನನ್ನ ಕಡೆ ತಿರುಗಿದಳು. “ಏ ಅಂದಾನಣ್ಣ, ಆ ಸಾಲು ಹೇಳು.”

ಹೇಳಿದೆ. ಅವಳು ಬರೆದಳು. ಅಬ್ಬಬ್ಬಾ, ಆ ಮನೆ ಎದ್ದ ರಭಸಕ್ಕೆ ಕುಬೇರಪ್ಪನ ಕುರ್ಚಿ ಹಿಂದಕ್ಕೆ ಜಾರುತ್ತ ಜಾರುತ್ತ ಊರ ಗಡಿ ದಾಟಿತು, ನೆರೆಯೂರಿನವರು ಅವನನ್ನು ನೆಂಟ ಎಂದುಕೊಂಡು ಕಾಲಿಗೆ ನೀರು ಕೊಟ್ಟರು. ನಾನು ನೋಡಿದ್ದೇನೆ.

ಸಿದ್ಧ ಮನೆಯೊಳಗೆ ಸಂಸಾರ ಹೂಡುವುದೂ ಒಂದು ಕಲೆ. ಬಾಗಿಲು ತೆಗೆದಾಗಲೆಲ್ಲ ಮನೆ ಗಟ್ಟಿಯಾಗಿ “ನಮಸ್ಕಾರ, ಲೋಕವೇ!” ಎಂದು ಕೂಗುತ್ತಿತ್ತು; ಸೊಪ್ಪು ಮಾರುವವಳು ಪ್ರತಿ ಸಲವೂ ಬುಟ್ಟಿ ಇಳಿಸಿ ಕೈಮುಗಿದು ಹೋಗುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ತಾನಾಗಿಯೇ ಬಂದಿದ್ದ. ಗುಪ್ತಪದ, ಅಂದರೆ ಪಾಸ್‌ವರ್ಡು, ಹೇಳದ ಹೊರತು ಅವನು ಕಾಶವ್ವನನ್ನು ಅವಳ ಅಡುಗೆಮನೆಗೇ ಬಿಡಲೊಲ್ಲ. ಗುಪ್ತಪದದಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ ಇರಬೇಕು ಎನ್ನುವನು. ಅವಳು ಲಟ್ಟಣಿಗೆ ಎತ್ತಿ ತೋರಿಸಿದಳು. ಆ ಚಿಹ್ನೆ ಅವನಿಗೆ ಒಪ್ಪಿಗೆಯಾಯಿತು. ಗೋಡೆಗಳ ಮೇಲೆ ಯಾರದೋ ನಗುವ ಮುಖಗಳ ಪಟಗಳಿದ್ದವು, ಕೋಟು ಹಾಕಿಕೊಂಡು ಕೈಕುಲುಕುವವರು, ಸಲಾಡಿನ ತಟ್ಟೆ ನೋಡಿ ನಗುವ ಹೆಂಗಸು. ಹಿತ್ತಲಲ್ಲಿ ಒಂದು ಕೊಟ್ಟಿಗೆ. ಅದು ಮನೆಗಿಂತ ದೊಡ್ಡದು, ತುಂಬ ಬರೀ ಗಂಟುಗಳು. ಒಂದು ನಲ್ಲಿಯ ಬಿರಡೆಗಾಗಿ ನೂರು ಗಂಟು, ಆ ಗಂಟುಗಳಿಗೆ ಬೇಕೆಂದು ಬೇರೆ ಗಂಟು. ಯಾವುದನ್ನೂ ಬಿಚ್ಚಬಾರದು. ಇನ್ನು ಅಡುಗೆಮನೆಯಲ್ಲಿ ಒಲೆಯಿರಬೇಕಾದ ಜಾಗದಲ್ಲಿ ಬರೀ ಒಂದು ಬೂದು ಚೌಕ, ‘ಇಲ್ಲಿ ನಿಮ್ಮ ಒಲೆ’ ಎಂಬ ಬರಹ.

ಕಾಶವ್ವ ತಾನು ಬರೆದಿದ್ದ ಒಲೆಯನ್ನು ತಂದು ಅಲ್ಲಿ ಕೂರಿಸಿದಳು. ಸೊಟ್ಟ ಹೊಸ್ತಿಲನ್ನು ಬಾಗಿಲಿಗೆ ಜೋಡಿಸಿದಳು. ಅಲ್ಲಿಂದ ಶುರುವಾಯಿತು ಅವಳ ಚಾಳಿ. ದಿನಕ್ಕೊಂದು ವಸ್ತು ಕಿತ್ತು ನೋಡುವಳು, ಏನು ಬೀಳುತ್ತದೆ ಎಂದು. ಕಿಟಕಿಯ ಕೊಂಡಿ ಕಿತ್ತಾಗ ಬೀದಿದೀಪ ಆರಿತು. ಸಲಾಡಿನ ಹೆಂಗಸಿನ ಪಟ ಕಿತ್ತಾಗ ಏನೂ ಆಗಲಿಲ್ಲ. ಅಲ್ಲಿ ಬೆಳ್ಳುಳ್ಳಿ ಗೊಂಚಲು ನೇತುಹಾಕಿದಳು. ಬಿದ್ದದ್ದನ್ನು ಮತ್ತೆ ಹಾಕಲು ಅದರೊಳಗಿನ ಕೋಡು ಓದಬೇಕು, ಓದಿ ತಿಳಿಯದಿದ್ದರೆ ಮಾಸ್ತರರ ಬಳಿಗೆ ಓಟ. “ಮಾಸ್ತರ, ಇದು ಯಾಕ ಹಿಂಗೈತಿ?” ಇಟ್ಟಿಗೆಯ ಪಾಠಕ್ಕೆ ಆಕಳಿಸುತ್ತಿದ್ದ ಹೆಂಗಸು ಈಗ ತಾನಾಗಿಯೇ ಇಟ್ಟಿಗೆ ಕೇಳುತ್ತಿದ್ದಳು, ಏಕೆಂದರೆ ಈಗ ಅವಳಿಗೆ ಇಟ್ಟಿಗೆ ಎಲ್ಲಿ ಕೂರುತ್ತದೆಂದು ಕಾಣುತ್ತಿತ್ತು. ಹಾಗೆ ಒಂದೊಂದೇ ಅವಳದ್ದಾಯಿತು: ನೀರಿನ ತೊಟ್ಟಿ, ಉಣ್ಣುವವರ ಮಣೆಗಳು, ಪಡಸಾಲೆಯ ಕಂಬ. ಕಂಬ ನಡುವೆ ನಿಂತಿತು, ಆದರೆ ತುಸು ವಾಲಿ, ಯಾರದೋ ಮಾತು ಕದ್ದು ಕೇಳುವಂತೆ. ಮಾಸ್ತರರು ಬಂದು ಅದನ್ನು ಸುತ್ತು ಹಾಕಿ ನೋಡಿ ಕಣ್ಣೊರೆಸಿಕೊಂಡರು.

ನನ್ನ ಹತ್ತಿರವೂ ಬರುತ್ತಿದ್ದಳು, ಅಲ್ಲ ಅನ್ನುವುದಿಲ್ಲ. “ಅಂದಾನಣ್ಣ, ಮಾಡಿದವ ನೀನ ಅಲ್ಲೇನು, ಮೆಟ್ಟಿಲ ಕೆಳಗಿನ ಆ ಗೂಟ ಯಾತಕ್ಕೈತಿ?” ಎಲ್ಲ ಸರ್ವಸಿದ್ಧ ಮನೆಗಳಲ್ಲೂ ಮೆಟ್ಟಿಲ ಕೆಳಗೆ, ಕತ್ತಲಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವಂಥ ಒಂದು ಗೂಟವಿರುತ್ತದೆ, ‘ಮುಟ್ಟಬೇಡಿ’ ಎಂದು ಬರೆದುಕೊಂಡು. ನಾನು ಗಂಭೀರವಾಗಿ ಮೀಸೆ ತಿರುವಿ, “ಅದು ಮ್ಯಾಲಿನ ವಿಷಯ ತಂಗಿ. ನಿನಗ ಹೇಳಿದ್ರ ತಲಿ ತಿರಗ್ತೈತಿ” ಎಂದು ಕಳಿಸಿದೆ. ಗುಟ್ಟುಗಳನ್ನು ಎಲ್ಲರಿಗೂ ಹಂಚಿದರೆ ಗುರುವಿಗೆ ಏನುಳಿಯಿತು?

ತಟ್ಟುವ ದಿನ ಬಂತು. ಊರು ಊರೇ ನೆರೆಯಿತು. ಸತ್ತವರೂ ಕೆಲವರು ಬಂದಿದ್ದರು ಎಂದು ಕೇಳಿದ್ದೇನೆ. ಹುಲಿಗೆವ್ವಜ್ಜಿ ಹಿರಿಯಳಾದ್ದರಿಂದ ತೀರ್ಪು ಅವಳದು. ಅವಳು ಗೋಡೆಗೆ ಬೆನ್ನು ತಿಕ್ಕಿ ನೋಡಿದಳು. ಹೆಂಗಸರು ಬಾಗಿಲು ಬಡಿದು ಬಡಿದು ಮನೆಯಿಂದ ಲೆಕ್ಕವಿಲ್ಲದಷ್ಟು ನಮಸ್ಕಾರ ಹೇಳಿಸಿದರು. ಸೊಟ್ಟ ಹೊಸ್ತಿಲಿಗೆ ಎಡವಿದವರು ಬೈದರು, ಮತ್ತೆ ಒಳಗೆ ಬಂದರು, ಏಕೆಂದರೆ ಒಲೆಯ ಮೇಲೆ ರೊಟ್ಟಿ ಬೇಯುತ್ತಿತ್ತು, ಬದನೆಕಾಯಿ ಎಣಗಾಯಿಯ ಪರಿಮಳ ಬೀದಿಯ ತುದಿಯವರೆಗೆ ಹೋಗಿ ಜನರ ಕೈಹಿಡಿದು ಕರೆತರುತ್ತಿತ್ತು.

ಕೊನೆಗೆ ಕುಬೇರಪ್ಪ ಕುರ್ಚಿಯಿಂದ ಎದ್ದ. ಎಂದೂ ಬಗ್ಗದವನು, ಅವನ ಚಪ್ಪಲಿಯ ಉಂಗುಟ ಹರಿದರೆ ಅವನು ಬಗ್ಗುತ್ತಿರಲಿಲ್ಲ, ಚಪ್ಪಲಿಯನ್ನೇ ಬಿಟ್ಟು ಹೋಗುತ್ತಿದ್ದ. ಅಂಥವನು ನೇರ ಮೆಟ್ಟಿಲ ಬಳಿ ನಡೆದು, ಕೆಳಗೆ ನೋಡದೆಯೇ ಕೋಲಿನಿಂದ ತೋರಿಸಿದ.

“ಮೆಟ್ಟಿಲ ಕೆಳಗೊಂದು ಗೂಟ ಐತಿ. ತೆಗಿ. ಹೊಳ್ಳಿ ಹಾಕು.”

ಸರ್ವಸಿದ್ಧ ಮನೆಗಳಲ್ಲಿ ಇದ್ದವರೆಲ್ಲ ಅಂದು ತಮ್ಮ ತಮ್ಮ ಗೂಟ ನೆನೆದು ಎದೆ ಮುಟ್ಟಿಕೊಂಡರು. ಕಾಶವ್ವ ಜನರ ನಡುವೆ ನನ್ನನ್ನು ಹುಡುಕಿದಳು.

ಆಗ ನೋಡಿ, ನಾನು ಎದ್ದೆ! ಮೀಸೆಯ ತುದಿ ಎರಡೂ ತೊಲೆಗೆ ತಾಗಿದವು. “ಹೆದರಬ್ಯಾಡ ತಂಗಿ” ಎಂದೆ. ಎಡಗೈಯಲ್ಲಿ ಗೂಟ ಕಿತ್ತೆ. ಮನೆ ಕುಸಿಯತೊಡಗಿತು, ಸೂರನ್ನು ತಲೆಯ ಮೇಲೆ ಹೊತ್ತೆ, ಮೆಟ್ಟಿಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ, ಬೀಳುತ್ತಿದ್ದ ಎರಡು ಗೋಡೆಗಳನ್ನು ಮೊಣಕಾಲುಗಳಿಂದ ತಡೆದು, ಬಾಯಲ್ಲಿ ಗೂಟ ಕಚ್ಚಿಕೊಂಡು ಮೂಗಿನ ತುದಿಯಿಂದ ಕೀಲಿಮಣೆ ಒತ್ತಿ...

“ಯಾರು ಕಿತ್ತಿದ್ದೋ ಗೂಟಾ?”

ಅಯ್ಯೋ. ಕಾಶವ್ವ ಒಳಗಿನಿಂದ ಬಂದಿದ್ದಾಳೆ. ಕೈಯಲ್ಲಿ ನಿಮ್ಮ ಊಟದ ತಟ್ಟೆಗಳಿವೆ, ಆದರೆ ಯಾರ ಮುಂದೆಯೂ ಇಡುತ್ತಿಲ್ಲ.

“ನಾನ... ಅಂದ್ರ, ನಾವು... ”

“ಮಾಸ್ತರು ಒಳಗ ಉಣ್ಣಾಕ ಹತ್ತ್ಯಾರ. ಕರೀಲೇನು?”

ಬೇಡ, ಕರೆಯುವುದು ಬೇಡ. ಹೇಳುತ್ತೇನೆ.

ನಾನು ಏಳಲಿಲ್ಲ. ಕಾಶವ್ವ ನನ್ನನ್ನು ಹುಡುಕಿದ ಹೊತ್ತಿಗೆ ನಾನು ಹಿತ್ತಲ ಬಾಗಿಲಿಂದ ಜಾರಿ ಕೊಟ್ಟಿಗೆಯಲ್ಲಿ ಗಂಟುಗಳ ಸಂದಿಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದೆ. ಅವಳು ನಾನಿದ್ದ ಜಾಗ ಖಾಲಿ ಇರುವುದನ್ನು ನೋಡಿದಳಂತೆ. ಆಮೇಲೆ ತವೆಯ ಮೇಲೆ ಒಂದು ರೊಟ್ಟಿ ಹಾಕಿ, ಕೈ ಒರೆಸಿಕೊಂಡು ಮೆಟ್ಟಿಲ ಕೆಳಗೆ ನುಸುಳಿದಳು. “ಇದು ಏನು ಮಾಡ್ತೈತಿ ಅಂತ ನನಗ ಗೊತ್ತಿಲ್ಲ” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಕಿತ್ತರ ಗೊತ್ತಾಕ್ಕೈತಿ.”

ಕಿತ್ತಳು. ಸದ್ದೇ ಆಗಲಿಲ್ಲ. ಗೋಡೆ, ಸೂರು, ಮೆಟ್ಟಿಲು, ಕಾವಲುಗಾರ, ನಗುವ ಪಟಗಳು, ಎಲ್ಲ ಊದಿದ ದೀಪದ ಹಾಗೆ ಹೋದವು. ಬಯಲಲ್ಲಿ ನಿಂತ ಜನ ಒಬ್ಬರ ಮುಖ ಒಬ್ಬರು ನೋಡಿದರು. ಚೌಕಟ್ಟಿನದೆಲ್ಲ ಹೋಗಿತ್ತು, ಕಾಶವ್ವ ಬರೆದದ್ದು ಮಾತ್ರ ಹೋಗಿರಲಿಲ್ಲ. ಸೊಟ್ಟ ಹೊಸ್ತಿಲು. ತೊಟ್ಟಿ. ಮಣೆಗಳ ಸಾಲು. ವಾಲಿದ ಕಂಬ. ಒಲೆ, ಒಲೆಯಲ್ಲಿ ಬೆಂಕಿ, ತವೆಯ ಮೇಲೆ ರೊಟ್ಟಿ. ಜೊತೆಗೆ, ಕೊಟ್ಟಿಗೆಯೂ ಮಾಯವಾದ್ದರಿಂದ, ಎಲ್ಲರ ಕಣ್ಣೆದುರು ತಲೆಯ ಮೇಲೆ ಕೈ ಹೊತ್ತು ಕುಕ್ಕುರುಗಾಲಲ್ಲಿ ಕೂತ ನಾನು.

“ಇವನೂ ಕಾಶವ್ವ ಬರೆದದ್ದೇನಬೇ?” ಎಂದು ಯಾರೋ ಕೇಳಿದರು.

“ಅಲ್ಲ” ಎಂದಳು ಕಾಶವ್ವ. “ನಾ ಬರೆದಿದ್ರ ಇನ್ನಷ್ಟು ನೆಟ್ಟಗ ಬರೀತಿದ್ದೆ.”

ಆಮೇಲೆ ಅವಳು ಆ ಒಂದು ಸಾಲನ್ನು ಮತ್ತೆ ಬರೆದಳು. ಅವಳು ಇಟ್ಟದ್ದನ್ನೆಲ್ಲ ಇಟ್ಟಲ್ಲೇ ಬಿಟ್ಟು ಚೌಕಟ್ಟು ಸುತ್ತಲೂ ಎದ್ದು ನಿಂತಿತು, ಗೂಟದ ಸಮೇತ. ಒಲೆ ಇದ್ದ ಕಡೆ ಅಡುಗೆಮನೆ ತಾನಾಗಿ ಬಂದು ಕೂತಿತು. ಕುಬೇರಪ್ಪ ಕೋಲು ಕುಟ್ಟಿದ. “ಇದು ಹೊಳ್ಳಿ ಹಾಕಿದ್ದಲ್ಲ, ಇದು ಬ್ಯಾರೆ ಮನಿ! ವಿಳಾಸ ನಂದು!”

ಹುಲಿಗೆವ್ವಜ್ಜಿ ಒಲೆಯ ಬಳಿ ಹೋಗಿ ಬಗ್ಗಿ ನೋಡಿದಳು. ತವೆಯ ಮೇಲಿನ ರೊಟ್ಟಿ ಆಗಷ್ಟೇ ಉಬ್ಬುತ್ತಿತ್ತು. “ಕುಬೇರಾ, ಈ ರೊಟ್ಟಿ ತವಾಕ್ಕ ಬಿದ್ದದ್ದು ಆ ಮನಿಯಾಗ. ಉಬ್ಬಿದ್ದು ಈ ಮನಿಯಾಗ. ಮನಿ ಬ್ಯಾರೆ ಆಗಿದ್ರ ರೊಟ್ಟಿ ಎರಡಾಗಬೇಕಿತ್ತಲ್ಲೋ? ಒಂದ ಐತಿ. ನಡಿ, ಕೈಕಾಲು ತೊಳಕೊಂಡು ಉಣ್ಣಾಕ ಕೂಡು.”

ನಮ್ಮೂರಲ್ಲಿ ಇಂಥ ತರ್ಕಕ್ಕೆ ಎದುರಾಡಿದವರು ಈವರೆಗೆ ಯಾರೂ ಇಲ್ಲ. ವಿಳಾಸ ಕಾಶವ್ವನದಾಯಿತು. ನೀವು ಕೂತಿರುವ ಜಗುಲಿ ಆ ಮನೆಯದೇ.

“ಮುಗೀತೇನು?” ಎನ್ನುತ್ತಿದ್ದಾಳೆ ಅವಳು. “ಬಗ್ಗದ ಕುಬೇರಪ್ಪಗ ಮೆಟ್ಟಿಲ ಕೆಳಗಿನ ಗೂಟ ಹ್ಯಾಂಗ ಗೊತ್ತಾತು? ಅದನ್ನೂ ಹೇಳು. ನಾನೂ ಕೇಳಬೇಕು.”

ನಾನೇ ಹೇಳಿದ್ದು. ತಟ್ಟುವ ದಿನದ ಹಿಂದಿನ ಸಂಜೆ ಅವನ ಕುರ್ಚಿಯ ಪಕ್ಕ ನಿಂತು ಬಡಾಯಿ ಕೊಚ್ಚುತ್ತಿದ್ದೆ. ಇಡೀ ಊರಲ್ಲಿ ನನಗೊಬ್ಬನಿಗೇ ಗೊತ್ತಿರುವ ಒಂದು ಗೂಟವಿದೆ, ಅದನ್ನು ಕಿತ್ತರೆ ಹೊಳ್ಳಿ ಹಾಕುವ ಗಂಡಸು ನಾನೊಬ್ಬನೇ ಅಂದೆ. ಅವನು “ಹೌದಾ?” ಎಂದು ಬಾಯಿ ತೆರೆದು ಕೇಳಿದ. ಅಷ್ಟು ಚೆನ್ನಾಗಿ ಬಾಯಿ ತೆರೆದು ಕೇಳುವವರು ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ದ್ರೋಹ ಮಾಡಬೇಕೆಂದು ಅಲ್ಲ ಕಾಶವ್ವ. ಅವನು ಇನ್ನಷ್ಟು ಕೇಳಲಿ ಎಂದು.

ಅವಳು ತಟ್ಟೆಗಳನ್ನು ಒಂದೊಂದಾಗಿ ನಿಮ್ಮ ಮುಂದೆ ಇಡುತ್ತಿದ್ದಾಳೆ. ನನ್ನ ಮುಂದೆಯೂ ಇಟ್ಟಳು. ಬೈದಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಹಾಗಾದರೆ ಇದನ್ನೂ ಕೇಳಿ. ಸರ್ವಸಿದ್ಧವನ್ನು ಮಾಡಿದವನು ನಾನಲ್ಲ. ಯಾರು ಮಾಡಿದರೋ ತಿಳಿಯದು. ಅದರೊಳಗೆ ಏನಿದೆ ಎಂಬುದೂ ನನಗೆ ತಿಳಿಯದು. ನನ್ನ ಮನೆಯ ಗೂಟ ಕಿತ್ತರೆ ಉಳಿಯುವುದು ಬಯಲು. ಒಂದು ಮೊಳೆಯನ್ನೂ ನಾನು ಬರೆದಿಲ್ಲ. ನನಗೆ ಬರುವುದು ಆ ಒಂದು ಸಾಲು, ಅದನ್ನು ನನಗೆ ಹೇಳಿಕೊಟ್ಟವರು ರಾಚಯ್ಯ ಮಾಸ್ತರರು. ನಾನು ಅವರ ಶಾಲೆಯಲ್ಲೇ ಇದ್ದೆ. ಕಂಬ ನಿಲ್ಲಿಸಲು ಬಾರದೆ, ಮಳೆಯಲ್ಲಿ ಇಟ್ಟಿಗೆ ತಲೆಯ ಮೇಲಿಟ್ಟುಕೊಂಡು ಅಳುತ್ತ ನಿಂತವನು ನಾನೇ. ಅವರು ಮನಸ್ಸು ತಡೆಯದೆ, ತಮ್ಮ ನೇಮ ಮುರಿದು, ಯಾರಿಗೂ ಕೇಳಿಸದಂತೆ ಕಿವಿಯಲ್ಲಿ ಆ ಸಾಲು ಹೇಳಿದರು. “ಮೊದಲು ತಲಿ ಮ್ಯಾಲ ಸೂರು ಇರಲಿ ಅಂದಾನಿ. ಆಮ್ಯಾಲ ಬಾ, ಉಳಿದದ್ದು ಕಲಿಸ್ತೀನಿ” ಅಂದರು. ನನಗೆ ಕೊಟ್ಟು ಏನಾಯಿತೆಂದು ಕಂಡಿದ್ದಕ್ಕೇ ಅವರು ಕಾಶವ್ವನಿಗೆ ಬೇಡ ಎಂದು ನನ್ನ ಜಗುಲಿಗೆ ಓಡಿ ಬಂದದ್ದು. ಜಗಳವಾಡುವಾಗ ಕಾಶವ್ವನೆದುರಿಗೇ ಇದನ್ನು ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತು, ಮುಚ್ಚಿಸಲಿಲ್ಲ.

ಸೂರು ಸಿಕ್ಕಿತು. ಬೆಚ್ಚಗಿತ್ತು. ಆಮೇಲೆ ನಾನು ಹೋಗಲಿಲ್ಲ.